ಆರು ತಿಂಗಳ ಮಾದರಿ: ಊಟ ಶುರು ಮಾಡುವವರ ಕೈಪಿಡಿ

ನಿಮ್ಮ ಮನೆಯಲ್ಲಿರುವ ಈ ಮಾದರಿ ಇದುವರೆಗೆ ಎದೆಹಾಲಿನಲ್ಲೇ ನಡೆಯುತ್ತಿತ್ತು. ಇನ್ನು ಅದಕ್ಕೆ ಊಟದ ರೂಢಿ ಮಾಡಿಸಬೇಕು. ಬಟ್ಟಲಿಗೆ ಕೈ ಹಾಕುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಅಜ್ಜಿಗೆ ಓದಿ ಹೇಳುವ ಸಾಹಸ ಮಾತ್ರ ಬೇಡ. ಇದರ ಹಿಂದಿನ ಮಾದರಿಯನ್ನು, ಅಂದರೆ ನಿಮ್ಮನ್ನು, ಅವರು ಯಾವ ಕೈಪಿಡಿಯೂ ಇಲ್ಲದೆ ನಡೆಸಿದವರು.

ಯಾವಾಗ

ಆರು ತಿಂಗಳು ತುಂಬಿದ ಮೇಲೆ. ಹುಟ್ಟುವಾಗ ಮಗು ತಂದ ಕಬ್ಬಿಣದ ದಾಸ್ತಾನು ಆ ಹೊತ್ತಿಗೆ ಕರಗಿರುತ್ತದೆ, ಹಾಲೊಂದೇ ಸಾಲದು. ತಾರೀಕಿನ ಜೊತೆ ಮಗುವನ್ನೂ ನೋಡಿ: ಕತ್ತು ನಿಂತಿದೆಯೇ, ಆಸರೆ ಕೊಟ್ಟರೆ ಕೂರುತ್ತದೆಯೇ, ನಿಮ್ಮ ತಟ್ಟೆಗೆ ಕೈ ಚಾಚುತ್ತದೆಯೇ?

ಅನ್ನಪ್ರಾಶನದ ಲೆಕ್ಕ ಬೇರೆ. ಗಂಡಿಗೆ ಸಮ ತಿಂಗಳು, ಹೆಣ್ಣಿಗೆ ಬೆಸ ತಿಂಗಳು ಎನ್ನುತ್ತದೆ ಶಾಸ್ತ್ರ. ಹೆಣ್ಣುಮಗುವಿಗೆ ಏಳನೆಯದರಲ್ಲಿ ಮಾಡಿದರೆ ಪುರೋಹಿತರೂ ಒಪ್ಪುತ್ತಾರೆ, ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುತ್ತದೆ. ಗಂಡಿನದೇ ತಕರಾರು: ಆರನೇ ತಿಂಗಳು ನಡೆಯುತ್ತಿದೆ ಎಂದರೆ ಇನ್ನೂ ಆರು ತುಂಬಿಲ್ಲ ಎಂದರ್ಥ. ಅನ್ನಪ್ರಾಶನಕ್ಕೆ ಹೊರನಾಡಿನ ದೇವಸ್ಥಾನಕ್ಕೆ ಹೋಗಿಯೇ ತೀರಬೇಕೆಂದಿದ್ದರೆ ಹೋಗಿ ಬನ್ನಿ, ಪಾಯಸವನ್ನು ತುಟಿಗೆ ಮುಟ್ಟಿಸಿ ಫೋಟೊ ತೆಗೆಸಿ. ಊಟ ಆಮೇಲೆ.

ಇಂಧನ

ರಾಗಿ ಸರಿ. ಕರಾವಳಿಯವರು ಮಣ್ಣಿ ಮಾಡಿಕೊಳ್ಳಬಹುದು, ಅಡ್ಡಿಯಿಲ್ಲ. ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಘಮ ಬರುವಷ್ಟು ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮೊಳಕೆಯನ್ನು ಬಿಟ್ಟು ಹಾರುವಂತಿಲ್ಲ. ಮೊಳೆತ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹಿಟ್ಟು ಹೆಚ್ಚು ಹಾಕಿದರೂ ಸರಿ ಅಂಟಂಟಾಗುವುದಿಲ್ಲ, ಪುಟ್ಟ ಹೊಟ್ಟೆಗೆ ಅಷ್ಟೇ ಜಾಗದಲ್ಲಿ ಹೆಚ್ಚು ಶಕ್ತಿ ಸೇರುತ್ತದೆ. ಕಬ್ಬಿಣ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಕೂಡ ಕಡಿಮೆಯಾಗುತ್ತದೆ. ಇದ್ಯಾವುದನ್ನೂ ಅಜ್ಜಿ ಹೇಳಲಿಲ್ಲ, ಮಾಡಿ ತೋರಿಸಿದರು ಅಷ್ಟೆ.

ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿ, ಆಮೇಲೆ ಒಲೆಗಿಡಿ. ಇಲ್ಲದಿದ್ದರೆ ಗಂಟುಗಳ ಜವಾಬ್ದಾರಿ ತಯಾರಕರದ್ದಲ್ಲ. ಚಮಚ ಓರೆ ಮಾಡಿದರೆ ಸರಿ ಹರಿಯಬಾರದು, ನಿಧಾನಕ್ಕೆ ಜಾರಬೇಕು. ಬೇಳೆ ಕಟ್ಟು, ಗಂಜಿ ತಿಳಿಯ ವಿಚಾರದಲ್ಲಿ ಮಾತ್ರ ನಾನು ಅಜ್ಜಿಯ ಪಕ್ಷ ಬಿಟ್ಟೆ. ಅದು ಬಹುಪಾಲು ನೀರು. ಸತ್ವವೆಲ್ಲ ತಳದಲ್ಲಿ ಉಳಿದು ದೊಡ್ಡವರ ಸಾರಿಗೆ ಹೋಗುತ್ತದೆ. ಬೇಳೆಯನ್ನೇ ನುಣ್ಣಗೆ ಮಸೆದು ತುಪ್ಪ ಹಾಕಿ ಕೊಡಿ. ತಿನ್ನುವ ಮನೆಯಾದರೆ ಚೆನ್ನಾಗಿ ಬೆಂದ ಮೊಟ್ಟೆ, ಮಾಂಸವೂ ಆಗಬಹುದು.

ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ. ಜೇನು ಬೇಡವೇ ಬೇಡ, ಬಜೆ ತೇಯ್ದು ನೆಕ್ಕಿಸುವ ನೆಪದಲ್ಲೂ ಬೇಡ. ಅದರಲ್ಲಿ ಇರಬಹುದಾದ ಬೊಟುಲಿಸಂ ಬೀಜಾಣು ಎಳೆಗರುಳಿನಲ್ಲಿ ವಿಷ ಉಂಟುಮಾಡಬಲ್ಲದು. ಅಂಗಡಿಯ ಡಬ್ಬಿಯ ವಿಚಾರಕ್ಕೆ ಬಂದರೆ, ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಕೊಡುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ. 1992ರ ಕಾಯ್ದೆ, 2003ರಲ್ಲಿ ಬಿಗಿಯಾಯಿತು. ಎದುರುಮನೆಯವರ ಸಲಹೆಗೆ ಅದು ಅನ್ವಯಿಸುವುದಿಲ್ಲ.

ಚಾಲನೆ

ಮಗುವನ್ನು ನೆಟ್ಟಗೆ ಕೂರಿಸಿ. ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು ಒಳಲೆಯಿಂದ ಸುರಿಯುವ ಪದ್ಧತಿಯಿಂದ ಬದುಕಿ ಬಂದವರು ಬಹಳ ಜನ ಇದ್ದೇವೆ. ಅದು ಆ ಪದ್ಧತಿಗೆ ಪ್ರಶಸ್ತಿಪತ್ರವಲ್ಲ. ದಿನಕ್ಕೆ ಎರಡು ಮೂರು ಸಲ, ಎರಡು ಮೂರು ಚಮಚದಿಂದ ಶುರು ಮಾಡಿ. ಎದೆಹಾಲು ನಿಲ್ಲಿಸಬೇಡಿ.

ಮೊದಲ ತುತ್ತು ಹೋದ ದಾರಿಯಲ್ಲೇ ಹೊರಗೆ ಬರುತ್ತದೆ. ನಿಮ್ಮ ಅಡುಗೆಯ ಮೇಲಿನ ಅಭಿಪ್ರಾಯ ಅದಲ್ಲ, ನಾಲಿಗೆಗೆ ಇನ್ನೂ ಹೊರತಳ್ಳುವುದಷ್ಟೇ ಗೊತ್ತು. ಅಭಿಪ್ರಾಯ ಬೇಕಿದ್ದರೆ ಬಾಯಿ ನೋಡಿ: ತುಟಿ ಬಿಗಿದು ಮುಖ ತಿರುಗಿಸಿದರೆ ಊಟ ಮುಗಿಯಿತು. ಇಲ್ಲಿ ಹೆಚ್ಚಿನ ಬಳಕೆದಾರರು ಚಂದಮಾಮ, ಕಾಗೆ, ಫ್ಯಾನು, ಕೊನೆಗೆ ಮೊಬೈಲು ತೋರಿಸಿ ಇನ್ನೆರಡು ತುತ್ತು ತುರುಕುತ್ತಾರೆ. ಏನು, ಯಾವಾಗ ಎಂಬುದಷ್ಟೇ ನಿಮ್ಮ ಕೈಯಲ್ಲಿರುವ ಗುಂಡಿಗಳು. ಎಷ್ಟು ಎಂಬ ಗುಂಡಿ ಮಗುವಿನ ಕಡೆ ಇದೆ. ಇಂದು ಉಗಿದ ಕುಂಬಳಕಾಯಿಯನ್ನು ಬರುವ ವಾರ ಮತ್ತೆ ಕೊಡಿ. ಒಂದು ರುಚಿ ಒಗ್ಗಲು ಎಂಟು ಹತ್ತು ಸಲವೂ ಬೇಕಾಗುತ್ತದೆ.

ದೋಷ ಸೂಚನೆಗಳು

ಕೆಮ್ಮು, ಓಕರಿಕೆ, ಕೆಂಪು ಮುಖ: ಸದ್ದಿದ್ದರೆ ಗಾಳಿಯಾಡುತ್ತಿದೆ, ನೀವು ಕಿರುಚದೆ ಕಾಯಿರಿ. ಸದ್ದೇ ಇಲ್ಲ, ಅಳುವುದಕ್ಕೂ ಕೆಮ್ಮುವುದಕ್ಕೂ ಆಗುತ್ತಿಲ್ಲ: ಇಲ್ಲಿ ತಮಾಷೆಯಿಲ್ಲ. ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಬೆನ್ನಿನ ಮೇಲೆ ಹೆಗಲೆಲುಬುಗಳ ನಡುವೆ ಐದು ಸಲ ಬಲವಾಗಿ ತಟ್ಟಿ. ಸಿಕ್ಕಿಕೊಂಡದ್ದು ಹೊರಬರದಿದ್ದರೆ ಅಂಗಾತ ಮಾಡಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಿ, ಮತ್ತೆ ತಟ್ಟಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ ವಸ್ತುವಿಗಾಗಿ ಗಂಟಲಲ್ಲಿ ಬೆರಳಾಡಿಸಬೇಡಿ. ಇಡೀ ಕಡಲೆಕಾಯಿ ಬೀಜ, ದ್ರಾಕ್ಷಿ ಕೈಗೆ ಸಿಗದಂತೆ ಇಡಿ.

ಬೀಟ್ರೂಟ್ ತಿಂದ ಮರುದಿನ ಕೆಂಪಗೆ ಹೋದರೆ ಗಾಬರಿ ಬೇಡ.

ಸೇವಾ ಕೇಂದ್ರ

ಅಂಗನವಾಡಿಯಲ್ಲಿ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಒಯ್ಯುವ ಆಹಾರ ಕೊಡುತ್ತಾರೆ, ತೂಕವನ್ನೂ ಹಾಕುತ್ತಾರೆ. ಹೋಗಿ ಹೆಸರು ಬರೆಸಿ. ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮೇಲೇರುತ್ತಿದ್ದರೆ, "ಅಯ್ಯೋ, ಮಗು ಸೊರಗಿದೆಯಲ್ಲಮ್ಮ" ಎನ್ನುವ ನೆಂಟರಿಗೆ ಆ ಕಾರ್ಡ್ ತೋರಿಸಿ, ಕಾಫಿ ಕೊಟ್ಟು ಕಳಿಸಿ.