ಮೂರನೇ ಪಂಕ್ತಿಯ ಊಟ

ನಮ್ಮಕ್ಕನ ಮಗ ಸಿಎಸ್‌ಐಆರ್-ನೆಟ್ ಪಾಸಾದ ದಿನ ಅಕ್ಕ ಬೀದಿಗೆಲ್ಲ ಮೈಸೂರುಪಾಕು ಹಂಚಿದಳು. ಡಬ್ಬ ಖಾಲಿಯಾದ ಮೇಲೆ ಹುಡುಗ ರಿಸಲ್ಟನ್ನು ಪೂರ್ತಿ ಓದಿ, ‘ಅಮ್ಮಾ, ನಂದು ಮೂರನೇ ಕೆಟಗರಿ’ ಅಂದ.

2024ರಿಂದ ನೆಟ್ ಕೂಡ ಮದುವೆಮನೆ ಊಟದ ಹಾಗೆ ಮೂರು ಪಂಕ್ತಿ. ಮೊದಲನೆಯವರಿಗೆ ಜೆಆರ್‌ಎಫ್ ಎಂಬ ಫೆಲೋಶಿಪ್: ತಿಂಗಳಿಗೆ 37,000 ರೂಪಾಯಿ, ಮೇಲೆ ತುಪ್ಪ ಬಿಟ್ಟಂತೆ ಮನೆಬಾಡಿಗೆ ಭತ್ಯೆ. ಎರಡನೆಯವರಿಗೆ ಮೇಷ್ಟ್ರಾಗುವ ಅರ್ಹತೆ. ಕೆಲಸ ಅವರೇ ಹುಡುಕಿಕೊಳ್ಳಬೇಕು. ಮೂರನೆಯವರು ಪಿಎಚ್‌ಡಿಗೆ ಸೇರಬಹುದು, ಅಷ್ಟೇ. ಎಲೆ ಹಾಕಿ ನೀರು ಚಿಮುಕಿಸಿದ್ದಾರೆ, ಬಡಿಸುವವರು ಕೈ ತೊಳೆದುಕೊಂಡು ಹೋಗಿದ್ದಾರೆ. ಆ ಎಲೆಗೂ ಒಂದೇ ವರ್ಷದ ಆಯುಸ್ಸು.

ಹಾಗಂತ ಮೊದಲ ಪಂಕ್ತಿಯವರು ನೆಮ್ಮದಿಯಾಗಿ ಉಣ್ಣುತ್ತಿದ್ದಾರೆಂದು ಯಾರೂ ಕರುಬಬೇಡಿ. ಒಬ್ಬ ಪ್ರೊಫೆಸರ್ ಏಕಕಾಲಕ್ಕೆ ಎಂಟು ಜನರಿಗೆ, ಅಸೋಸಿಯೇಟ್ ಆರು ಜನರಿಗೆ, ಅಸಿಸ್ಟೆಂಟ್ ನಾಲ್ವರಿಗೆ ಮಾತ್ರ ಗೈಡ್ ಆಗಬಹುದೆಂದು ಯುಜಿಸಿ ನಿಯಮ. ಹೌಸ್‌ಫುಲ್ ಆದ ಬಿಎಂಟಿಸಿ ಬಸ್ಸಿಗಾದರೂ ಜೋತುಬೀಳಬಹುದು, ಗೈಡಿಗೆ ಹಾಗಲ್ಲ. ಇನ್ನು ದುಡ್ಡು: 2014ರಲ್ಲಿ 25,000, 2019ರಲ್ಲಿ 31,000, 2023ರಲ್ಲಿ 37,000. ಸ್ಕಾಲರುಗಳು ಲ್ಯಾಬ್ ಬಿಟ್ಟು ಬೀದಿಗಿಳಿದು ಕೂಗಿದಾಗಲೇ ಅಂಕಿ ಅಲ್ಲಾಡಿದ್ದು. 2018ರಲ್ಲಿ ಶುರುವಾದ ಪ್ರಧಾನಮಂತ್ರಿ ಫೆಲೋಶಿಪ್ಪಿನಲ್ಲಿ ಮೊದಲ ವರ್ಷವೇ ತಿಂಗಳಿಗೆ 70,000 ಉಂಟಲ್ಲ ಅನ್ನಬಹುದು. ಅದು ಪಂಕ್ತಿಯಲ್ಲ, ಒಳಮನೆಯಲ್ಲಿ ಬೀಗರಿಗೆ ಬೆಳ್ಳಿ ತಟ್ಟೆ.

ನಮ್ಮ ಹುಡುಗನಿಗೆ ಉಳಿದದ್ದು ಪ್ರಾಜೆಕ್ಟ್ ಹುದ್ದೆಯ ವಾಕ್-ಇನ್. ಈ ಜಾಹೀರಾತುಗಳ ಭಾಷೆಯೇ ಚೆಂದ: ಹುದ್ದೆ ಸಂಪೂರ್ಣ ತಾತ್ಕಾಲಿಕ, ಪ್ರಯಾಣ ಭತ್ಯೆ ಇಲ್ಲ, ಕಾಯಂ ಮಾಡಿ ಅಂತ ಕೇಳುವ ಹಕ್ಕಿಲ್ಲ, ಮೂಲ ದಾಖಲೆಗಳೊಂದಿಗೆ ಒಂಬತ್ತಕ್ಕೆ ಹಾಜರಿರಬೇಕು. ರಾತ್ರಿ ಬಸ್ಸು ಹಿಡಿದು ಹೋದ. ಒಂದು ಹುದ್ದೆಗೆ ಕಾರಿಡಾರಿನಲ್ಲಿ ನಲವತ್ಮೂರು ಜನ. ತೆಳ್ಳನೆಯ ಹುಡುಗನೊಬ್ಬ ಹಾಜರಿ ಪಟ್ಟಿಗೆ ಸಹಿ ಹಾಕಿಸಿಕೊಂಡ, ಜೆರಾಕ್ಸ್ ಅಂಗಡಿ ತೋರಿಸಿದ, ಒಳಗೆ ಚಹಾ ತೆಗೆದುಕೊಂಡು ಹೋದ. ಸಂಜೆ ಆಯ್ಕೆಯಾದವನ ಹೆಸರು ಅಂಟಿಸಿದರು. ಅದೇ ಹುಡುಗ! ಜನವರಿಯಿಂದಲೇ ಆ ಲ್ಯಾಬಿನಲ್ಲಿ ಸಂಬಳವಿಲ್ಲದೆ ಟೆಸ್ಟ್‌ಟ್ಯೂಬ್ ತೊಳೆಯುತ್ತಿದ್ದನಂತೆ. ನಮ್ಮವನಿಗೆ ಸಿಟ್ಟು ಬರಲಿಲ್ಲ, ಉಪಾಯ ಬಂತು. ಬೇರೊಂದು ಲ್ಯಾಬಿನಲ್ಲಿ ತಾನೂ ಐದು ತಿಂಗಳು ಪುಕ್ಕಟೆ ತೊಳೆದ. ಆರನೆಯ ತಿಂಗಳು ವಾಕ್-ಇನ್ ಕರೆದಾಗ ಹಾಜರಿ ಪಟ್ಟಿ ಇವನ ಕೈಯಲ್ಲಿತ್ತು.

ಮೂರು ವರ್ಷದ ಪ್ರಾಜೆಕ್ಟಿನಲ್ಲಿ ಒಂದೂವರೆ ವರ್ಷ ಆಗಲೇ ಕಳೆದಿದೆ. ಪಿಎಚ್‌ಡಿಗೆ ಬೇಕಾದದ್ದು ಐದು ವರ್ಷ. ಲೆಕ್ಕ ಕೇಳಿದರೆ ನಗುತ್ತಾನೆ. ಈಗಂತೂ ನಾಲ್ಕು ತಿಂಗಳಿಂದ ಸಂಬಳವೇ ಇಲ್ಲ. ಹೋದ ವರ್ಷದ ದುಡ್ಡು ಖರ್ಚಾಗಿದೆಯೆಂದು ಯುಟಿಲೈಸೇಷನ್ ಸರ್ಟಿಫಿಕೇಟ್ (ಯುಸಿ) ದೆಹಲಿಗೆ ಹೋಗದೆ ಮುಂದಿನ ಕಂತು ಬರುವುದಿಲ್ಲ. ಸರ್ಟಿಫಿಕೇಟು ಅಕೌಂಟ್ಸ್ ಸೆಕ್ಷನ್ನಿನಲ್ಲಿದೆ. ಅಕೌಂಟ್ಸಿನವರು ರಜೆಯಲ್ಲಿದ್ದಾರೆ.

ಮೊನ್ನೆ ಅವನ ರೂಮಿಗೆ ಹೋಗಿದ್ದೆ. ಮನೆ ಓನರ್ ಕೆಳಗೆ ತುಳಸಿಗೆ ನೀರು ಹಾಕುತ್ತಿದ್ದರು. ಮೊದಮೊದಲು ‘ಬಾಡಿಗೆ ಯಾವಾಗ ಕೊಡ್ತೀಯಪ್ಪ’ ಅನ್ನುತ್ತಿದ್ದವರು ಈಗ ಸಂಶೋಧನಾ ಕ್ಷೇತ್ರದಲ್ಲಿ ಪಳಗಿದ್ದಾರೆ. ಹುಡುಗ ಮೆಟ್ಟಿಲಿಳಿಯುವುದನ್ನು ಕಂಡವರೇ ಚೊಂಬು ಕೆಳಗಿಟ್ಟು ಕೇಳಿದರು: ‘ಏನಪ್ಪಾ, ಯುಸಿ ಹೋಯ್ತಾ ಡೆಲ್ಲಿಗೆ?’