ಪೊರೆ ಮೇಷ್ಟ್ರು

ಕಂದಾಯದ ಲೆಕ್ಕದಲ್ಲಿ ಜಿಲ್ಲೆ ತುಮಕೂರು. ಶಾಲೆಯ ಲೆಕ್ಕದಲ್ಲಿ ಮಧುಗಿರಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಈ ಶೈಕ್ಷಣಿಕ ಜಿಲ್ಲೆಯಲ್ಲಿ ಯಾವ ಊರಿಗೆ ಹೋದರೂ ಒಬ್ಬ ಪೊರೆ ಮೇಷ್ಟ್ರು ಸಿಕ್ಕೇ ಸಿಗುತ್ತಾರೆ. ಜೇಬಿನಲ್ಲಿ ಕೆಂಪು ಪೆನ್ನು, ಸ್ಕೂಟರಿನ ಮುಂದೆ ಇಪ್ಪತ್ತು ಲೀಟರಿನ ಕ್ಯಾನು. ತರಗತಿಯಲ್ಲಿ ಬೆಲ್ ಹೊಡೆದು ನಿಂತುಹೋದ ಪಾಠವನ್ನು ಅವರು ಮುಗಿಸುವುದು ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ.

ನಾಣ್ಯ ಹಾಕಿ ನೀರು ಬೀಳತೊಡಗಿದರೆ ಸಾಕು.

"ಅಜ್ಜೀ, ಈ ಮಿಷನ್ನಿನೊಳಗೆ ಏನಿದೆ ಗೊತ್ತಾ? ಪೊರೆ! ಇದು ಪ್ಲಾಸ್ಟಿಕ್ಕಿಂದು. ನಿಮ್ಮ ಮೈಯ ಒಂದೊಂದು ಜೀವಕೋಶಕ್ಕೂ ಕೊಬ್ಬಿನ ಪೊರೆ ಇದೆ."

"ನನ್ ಮೈಯಾಗಿರೋದು ಮಂಡಿನೋವು ಕಣಪ್ಪಾ."

ಮೇಷ್ಟ್ರು ಜಗ್ಗುವವರಲ್ಲ. ಕೊಬ್ಬಿನ ಕಣಗಳದ್ದು ಎರಡು ಸಾಲು. ತಲೆಗೆ ನೀರು ಬೇಕು, ಬಾಲಕ್ಕೆ ಬೇಡ. ಅದಕ್ಕೇ ಬಾಲಗಳನ್ನು ನಡುವೆ ಬಚ್ಚಿಟ್ಟುಕೊಂಡು ತಲೆ ಮಾತ್ರ ಹೊರಗಿಟ್ಟಿವೆ. ಇಂಥ ಹತ್ತು ಸಾವಿರ ಪೊರೆ ಪೇರಿಸಿದರೆ ಸುಮಾರು ಒಂದು ತಲೆಗೂದಲಿನ ದಪ್ಪ. "ಅದರೊಳಗೆ ಪ್ರೋಟೀನುಗಳು ತೇಲಾಡ್ತವೆ ಅಂತ 1972ರಲ್ಲಿ ಸಿಂಗರ್, ನಿಕೋಲ್ಸನ್ ಹೇಳಿದ್ರು!"

"ಯಾವ ತಾಲ್ಲೂಕಿನೋರು ಸಾ?" ಎಂದು ಹಿಂದಿನಿಂದ ಒಬ್ಬ ಹುಡುಗ.

ಆಮ್ಲಜನಕ ಹೇಳದೆ ಕೇಳದೆ ಒಳಗೆ ನುಗ್ಗುತ್ತದೆ. ಸಕ್ಕರೆಯನ್ನು ಪ್ರೋಟೀನು ಕೈಹಿಡಿದು ದಾಟಿಸಬೇಕು. ನೀರಿಗಂತೂ ಅಕ್ವಾಪೊರಿನ್ ಎಂಬ ಪ್ರತ್ಯೇಕ ದಾರಿ. ಅದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್. ಆಮೇಲೆ ಪೊರೆಯಲ್ಲಿರುವ ಸೋಡಿಯಂ ಪಂಪಿನ ಸರದಿ ಬಂತು: ಪ್ರತಿ ಸುತ್ತಿಗೆ ಮೂರು ಸೋಡಿಯಂ ಹೊರಕ್ಕೆ, ಎರಡು ಪೊಟ್ಯಾಸಿಯಂ ಒಳಕ್ಕೆ.

"ನಮ್ ಪಾವಗಡದ ಬಸ್ಸಲ್ಲಿ ಇಬ್ರು ಇಳಿದ್ರೆ ಇಪ್ಪತ್ತು ಜನ ಹತ್ತೋದು ಸಾ. ನಿಮ್ ಪಂಪಿಗೆ ಇಲ್ಲಿ ಕೆಲಸ ಇಲ್ಲ. ಮೊದ್ಲು ಕ್ಯಾನ್ ತೆಗೀರಿ, ತುಂಬಿ ಹರೀತೈತೆ!"

ಅಷ್ಟರಲ್ಲಿ ಕರೆಂಟು ಹೋಯಿತು. ಪಾವಗಡ ತಾಲ್ಲೂಕಿನ ತಿರುಮಣಿಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ; ಆದರೂ ಕರೆಂಟು ಹೋಗುವುದನ್ನು ಅದು ತಡೆಯಲಿಲ್ಲ. ಮೇಷ್ಟ್ರಿಗೆ ಮಾತ್ರ ಹಬ್ಬ. "ನೋಡಿ, ನೀರು ತಾನಾಗಿ ಹರಿಯೋದು ಉಪ್ಪು ಹೆಚ್ಚಿರೋ ಕಡೆಗೆ. ಈ ಮೋಟಾರು ಅದನ್ನ ಉಲ್ಟಾ ತಳ್ಳುತ್ತೆ, ಅದಕ್ಕೇ ಕರೆಂಟು ಬೇಕು. ಮೈಯೊಳಗಿನ ಪಂಪಿಗೆ ಲೋಡ್ ಶೆಡ್ಡಿಂಗ್ ಇಲ್ಲ. ತಿಂದ ಮುದ್ದೆಯಿಂದ ಬರೋ ಎಟಿಪಿ ಅನ್ನೋ ಇಂಧನದಲ್ಲಿ ರಾತ್ರಿಯೆಲ್ಲ ಓಡುತ್ತೆ!"

ಸಾಲು ಗೊಣಗುತ್ತದೆ, ನಗುತ್ತದೆ, ಕರೆಂಟು ಬರುವ ತನಕ ಬೇರೆ ಕೆಲಸವಿಲ್ಲದ್ದರಿಂದ ಕೇಳುತ್ತದೆ. ಅಜ್ಜಿಯ ಮಂಡಿನೋವನ್ನೂ ಮೇಷ್ಟ್ರು ಮರೆತಿರುವುದಿಲ್ಲ. ಈ ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಮಕ್ಕಳ ಹಲ್ಲಿಗೆ ಕಲೆ ಕಟ್ಟಿಸುತ್ತದೆ. ಇನ್ನೂ ಹೆಚ್ಚಿದ್ದು, ವರ್ಷಗಟ್ಟಲೆ ಕುಡಿದರೆ ಕೀಲು, ಮೂಳೆ ಹಿಡಿಯುತ್ತವೆ. ಕುದಿಸಿದರೆ ಅದು ಹೋಗದು, ಬಟ್ಟೆಯಲ್ಲಿ ಸೋಸಿದರೂ ಹೋಗದು. ತಡೆಯಲು ಈ ಮಿಷನ್ನಿನ ಪೊರೆ ನೆರವಾಗುತ್ತದೆ.

ಇವರ ಹಿಂದೆ ನಿಂತರೆ ನಿಮ್ಮ ಬಿಂದಿಗೆ ತುಂಬುವುದು ತಡವಾಗುತ್ತದೆ, ನಿಜ. ಆದರೂ ನಿಲ್ಲಿ; ಎಸ್ಸೆಸ್ಸೆಲ್ಸಿ ಓದುವ ಮಗನಿದ್ದರೆ ಅವನನ್ನೂ ಕರೆದುಕೊಂಡು ಹೋಗಿ. ಟ್ಯೂಷನ್ ಫೀಸು ಉಳಿಯುತ್ತದೆ.