ನಿಧಾನವೇ ಪ್ರಧಾನ

ವೈಟ್‌ಫೀಲ್ಡಿನಲ್ಲಿ ಹದಿನೈದು ವರ್ಷ ಸಂಸಾರ ಮಾಡಿದವನಿಗೆ ನಿಧಾನದ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೋಪ್‌ಫಾರ್ಮ್ ಸರ್ಕಲ್ಲಿನಲ್ಲಿ ನನ್ನ ಮುಂದೆ ನಿಂತ ನೀರಿನ ಟ್ಯಾಂಕರಿನ ಬೆನ್ನ ಮೇಲೆ ‘ನಿಧಾನವೇ ಪ್ರಧಾನ’ ಎಂದು ಓದಿಕೊಂಡು, ಬರೆದವನು ಎರಡೂ ಧಕಾರಕ್ಕೆ ಹೊಟ್ಟೆ ಸೀಳದೆ ಬಿಟ್ಟದ್ದನ್ನು ಪತ್ತೆ ಹಚ್ಚಿ, ಅವನ ಮೇಷ್ಟ್ರನ್ನು ಮನಸ್ಸಿನಲ್ಲೇ ಬೈದು, ಆಮೇಲೆ ಕ್ಷಮಿಸಿಯೂ ಆದ ಮೇಲೆ ಸಿಗ್ನಲ್ ಹಸಿರಾಗುತ್ತದೆ. ಇಂಥ ತಪಸ್ವಿಯನ್ನು ಹೋದ ವರ್ಷ ಒಂದು ಶನಿವಾರ ರಾತ್ರಿ ನಾಲ್ಕು ಜನ ಗೆಳೆಯರು ಸೇರಿ “ಲೋ ಆಮೆ” ಎಂದರು. ಟ್ರಾಫಿಕ್ಕಿಗಲ್ಲ, ನನ್ನ ಪ್ರೊಸೆಸರಿಗೆ.

ನಾವು ಐದು ಜನ ಹಾಸನದ ಒಂದು ಹಾಸ್ಟೆಲಿನಲ್ಲಿ ಒಟ್ಟಿಗಿದ್ದವರು. 1999ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್’ ಎರಡನೇ ಭಾಗವನ್ನು ಆಡುತ್ತ ಇಂಜಿನಿಯರಿಂಗ್ ಪರೀಕ್ಷೆಗಳನ್ನು ಅಷ್ಟಾಗಿ ಆಡದವರು. ಈಗ ಒಬ್ಬ ದುಬೈ, ಒಬ್ಬ ಲಂಡನ್, ಒಬ್ಬ ಮೈಸೂರು, ಒಬ್ಬ ದಾವಣಗೆರೆ. ನಮ್ಮ ನಮ್ಮಲ್ಲಿ ಊರಿನ ಹೆಸರೇ ಹೆಸರು. 2019ರಲ್ಲಿ ಆ ಆಟ ಹೊಸ ಬಣ್ಣ ಬಳಿಸಿಕೊಂಡು ಮತ್ತೆ ಬಂತು. ಮರುವರ್ಷ ಲಾಕ್‌ಡೌನ್ ನಮ್ಮನ್ನು ಮನೆಯಲ್ಲಿ ಕೂಡಿಹಾಕಿತು. ಅಂದಿನಿಂದ ಪ್ರತಿ ಶನಿವಾರ ರಾತ್ರಿ ಒಂಬತ್ತೂವರೆಗೆ ನಾವು ಮತ್ತೆ ಕುರಿ ಹುಡುಕುತ್ತೇವೆ, ಮರ ಕಡಿಯುತ್ತೇವೆ, ಕೋಟೆ ಕಟ್ಟುತ್ತೇವೆ. 2022ರಲ್ಲಿ ಆಟದೊಳಗೆ ದ್ರಾವಿಡರು ಎಂಬ ಪಂಗಡವೂ ಸೇರಿದ ಮೇಲೆ ನನಗೆ ಬೇರೆ ಪಂಗಡ ಬೇಕಿಲ್ಲ.

ಸುಮ್ಮನೆ ಆಡಿದ್ದರೆ ಇಷ್ಟೆಲ್ಲ ರಾಮಾಯಣ ಇರುತ್ತಿರಲಿಲ್ಲ. ನಾನು ಅದನ್ನು ಯೂಟ್ಯೂಬಿನಲ್ಲಿ ಲೈವ್ ಬಿಡತೊಡಗಿದೆ, ಕನ್ನಡದ ವೀಕ್ಷಕ ವಿವರಣೆಯೊಂದಿಗೆ. ನನಗೆ ಹದಿನಾಲ್ಕು ಜನ ವೀಕ್ಷಕರಿದ್ದಾರೆ. ನಾಲ್ವರು ನಮ್ಮ ಹೆಂಡತಿಯ ಕಡೆಯವರು, ಮುಲಾಜಿಗೆ ಬಂದವರು. ಒಂಬತ್ತು ಜನ ಆಫೀಸಿನವರು, ಅಪ್ರೈಸಲ್ ಹತ್ತಿರವಾದಾಗ ಹೆಚ್ಚುವವರು. ಉಳಿದ ಒಬ್ಬ ಯಾರೆಂದು ಇವತ್ತಿಗೂ ತಿಳಿಯದು. ಅವನೊಬ್ಬನೇ ನನ್ನ ನಿಜವಾದ ಪ್ರೇಕ್ಷಕ ಎಂದು ನಂಬಿದ್ದೇನೆ.

ಈ ಆಟದ ಸ್ವಭಾವವೇ ವಿಚಿತ್ರ. ಐದು ಕಂಪ್ಯೂಟರುಗಳು ಒಂದಕ್ಕೊಂದು ಚಿತ್ರ ಕಳಿಸಿಕೊಳ್ಳುವುದಿಲ್ಲ. ‘ಇವನು ಆನೆಯನ್ನು ಇಲ್ಲಿಗೆ ಕಳಿಸಿದ’ ಎಂಬ ಅಪ್ಪಣೆಯಷ್ಟೇ ಹೋಗುತ್ತದೆ. ಆ ಆನೆ ಮರ ಬಳಸಿ, ಹೊಳೆ ಬಳಸಿ ಹೇಗೆ ಹೋಗಬೇಕು ಎಂಬ ಲೆಕ್ಕವನ್ನು ಐದೂ ಕಂಪ್ಯೂಟರುಗಳು ಬೇರೆ ಬೇರೆಯಾಗಿ ಮಾಡಿ ಒಂದೇ ಉತ್ತರಕ್ಕೆ ಬರಬೇಕು. ಬರುವ ತನಕ ಯಾರೂ ಮುಂದಿನ ಹೆಜ್ಜೆ ಇಡುವಂತಿಲ್ಲ. ಥೇಟ್ ಮದುವೆ ಮನೆಯ ಪಂಕ್ತಿ. ಕೊನೆಯ ಎಲೆಯ ಹಿರಿಯರು ಮಜ್ಜಿಗೆ ಅನ್ನ ಮುಗಿಸುವ ತನಕ ಕೈ ಒಣಗಿಸಿಕೊಂಡು ಕೂತಿರಬೇಕು. ಒಬ್ಬೊಬ್ಬನಿಗೆ ಇನ್ನೂರು ಜನ ಸೈನ್ಯವಾದರೆ ಐವರಿಗೆ ಸಾವಿರ. ಆಗ ನನ್ನ 2018ರ ರೈಜನ್ 5 2600 ಮಜ್ಜಿಗೆ ಅನ್ನದ ಹಿರಿಯರಾಗಿಬಿಡುತ್ತಿತ್ತು. ಪಕ್ಕದಲ್ಲೇ ಅದಕ್ಕೆ ಲೈವ್ ಬಿಡುವ ಕೆಲಸ ಬೇರೆ. ದುಬೈಯ ಕುದುರೆ ಕಾಲೆತ್ತಿದರೆ ಇಳಿಸುವಷ್ಟರಲ್ಲಿ ಲಂಡನ್ ಚಹಾ ಮಾಡಿಕೊಂಡು ಬರುತ್ತಿದ್ದ.

ಅವಮಾನ ಅಷ್ಟಕ್ಕೇ ಮುಗಿಯಲಿಲ್ಲ. ಅಪರಿಚಿತರ ಜೊತೆ ರ್‍ಯಾಂಕ್ ಪಂದ್ಯ ಆಡುವ ಮುಂಚೆ ಈ ಆಟ ಕಂಪ್ಯೂಟರಿಗೇ ಒಂದು ಪರೀಕ್ಷೆ ಕೊಡುತ್ತದೆ. 1000 ಅಂಕ ಬಂದರೆ ಪಾಸು. ಲೈವ್ ಹಾಕಿಕೊಂಡೇ ಕೂತೆ, 912 ಬಂತು. ನಲವತ್ತಾರನೆಯ ವಯಸ್ಸಿನಲ್ಲಿ, ಸ್ವಂತ ಮನೆಯಲ್ಲಿ, ಸ್ವಂತ ಕರೆಂಟಿನಲ್ಲಿ ಫೇಲಾದೆ.

ಪ್ರೊಸೆಸರ್ ಬದಲಾಯಿಸುವುದೆಂದು ನಿರ್ಧರಿಸಿದೆ. ಸಲಹೆಗೆ ಬರವೇ? ಈ ಊರು ಚಿಪ್ಪಿನ ತವರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ಬೆಂಗಳೂರಿನಲ್ಲಿ ಅಂಗಡಿ ತೆರೆಯಿತು. ಆಗ ಅದರ ಡಿಶ್ ಆಂಟೆನಾ ಎತ್ತಿನ ಗಾಡಿಯಲ್ಲಿ ಬಂತು ಎಂಬ ಕತೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. 2008ರಲ್ಲಿ ಇಂಟೆಲ್‌ನ ಆರು ಕೋರಿನ ಝಿಯಾನ್, 190 ಕೋಟಿ ಟ್ರಾನ್ಸಿಸ್ಟರುಗಳದ್ದು, ಬೆಂಗಳೂರಿನಲ್ಲೇ ವಿನ್ಯಾಸವಾಯಿತು. 2023ರಲ್ಲಿ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಇದೇ ಊರಿನಲ್ಲಿ ತೆರೆಯಿತು. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಆರು ಜನ ಹತ್ತಿದರೆ ಮೂವರು ಚಿಪ್ಪಿನವರು.

ಬಿ ಬ್ಲಾಕಿನ ನಾಲ್ಕನೇ ಮಹಡಿಯವರನ್ನು ಹಿಡಿದೆ.

“ಸರ್, ಆಟಕ್ಕೂ ಆಗಬೇಕು, ಲೈವಿಗೂ ಆಗಬೇಕು. ಯಾವ ಪ್ರೊಸೆಸರ್ ತಗೊಳ್ಳಲಿ?”

ಅವರು ಹಾಲಿನ ಪ್ಯಾಕೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದರು. “ನಾನು ವೆರಿಫಿಕೇಷನ್ ಕಣ್ರೀ. ಮೆಮೊರಿ ಕಂಟ್ರೋಲರಿನಲ್ಲಿ ಒಂದು ಮೂಲೆ. ಹನ್ನೊಂದು ವರ್ಷದಿಂದ ಅದೇ ಮೂಲೆ. ಮನೇಲಿರೋದು ಆಫೀಸ್ ಲ್ಯಾಪ್‌ಟಾಪು. ಅದರೊಳಗೆ ಏನಿದೆ ಅಂತ ನೋಡೋಕೆ ಹೋಗಿಲ್ಲ.”

ಇನ್ನೊಬ್ಬರು ಇನ್ನೂ ಐದು ವರ್ಷಕ್ಕೆ ಬರಲಿರುವ ಚಿಪ್ಪಿನ ಕೆಲಸದಲ್ಲಿದ್ದರು. ಅದರ ಬಗ್ಗೆ ಬಾಯಿ ಬಿಡುವಂತಿಲ್ಲ, ಇವತ್ತಿನದರ ಬಗ್ಗೆ ಅವರಿಗೆ ನೆನಪಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂದು ಹಿರಿಯರು ಹೇಳಿದ್ದು ಐಟಿಪಿಎಲ್ ಕಟ್ಟುವ ಮೊದಲೇ.

ಕೊನೆಗೆ ವೈದ್ಯಳು ಮನೆಯಲ್ಲೇ ಸಿಕ್ಕಳು. ಪಿಯುಸಿ ಓದುವ ಮಗಳು ನನ್ನ ಹಿಂದೆ ನಿಂತು ಹತ್ತು ನಿಮಿಷ ಪರದೆ ನೋಡಿ ನಾಡಿ ಹಿಡಿದಳು.

“ಅಪ್ಪಾ, ನಿನಗಿರೋದು ಒಂದು ಕಾಯಿಲೆ ಅಲ್ಲ, ಎರಡು. ಲೈವ್ ತಡವರಿಸೋದು ಬೇರೆ, ಆಟ ತಡವರಿಸೋದು ಬೇರೆ. ನೀನು ಎರಡಕ್ಕೂ ಒಂದೇ ಕಷಾಯ ಕೇಳ್ತಿದ್ದೀಯ.”

ಲೈವ್ ಬಿಡುವ ಒಬಿಎಸ್ ತಂತ್ರಾಂಶವನ್ನು ತೆರೆದು ಒಂದು ಸೆಟ್ಟಿಂಗ್ ತೋರಿಸಿದಳು. ಪರದೆಯ ಮೇಲಿನದನ್ನು ಸೆಕೆಂಡಿಗೆ ಅರವತ್ತು ಸಲ ಹಿಡಿದು, ಹಿಂಡಿ, ಚಿಕ್ಕದು ಮಾಡಿ ಯೂಟ್ಯೂಬಿಗೆ ಕಳಿಸುವ ಕೆಲಸವನ್ನು ನಾನು ಇಷ್ಟು ವರ್ಷ ಪ್ರೊಸೆಸರಿನ ಕೈಯಲ್ಲಿ ಮಾಡಿಸುತ್ತಿದ್ದೆ. ಗ್ರಾಫಿಕ್ಸ್ ಕಾರ್ಡಿನೊಳಗೆ ಅದಕ್ಕೆಂದೇ ಒಂದು ಪುಟ್ಟ ಯಂತ್ರ ಕೂತಿದೆಯಂತೆ. ಮನೆಯಲ್ಲಿ ಗ್ರೈಂಡರ್ ಇಟ್ಟುಕೊಂಡು ಒರಳಿನಲ್ಲಿ ರುಬ್ಬಿದ ಹಾಗಾಗಿತ್ತು ನನ್ನ ಕತೆ. ಅವಳು ಎರಡು ಕ್ಲಿಕ್ ಮಾಡಿದಳು. ಲೈವ್ ನೀರಿನ ಹಾಗೆ ಹರಿಯಿತು. ಖರ್ಚು ಸೊನ್ನೆ. ಖರ್ಚಿಲ್ಲದೆ ವಾಸಿಯಾದ ಕಾಯಿಲೆಯಿಂದ ಗಂಡಸಿಗೆ ಎಷ್ಟು ಬೇಸರವಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

“ಆಟ ಇನ್ನೂ ತಡವರಿಸ್ತಿದೆಯಲ್ಲ?” ಎಂದೆ, ಆಸೆಯಿಂದ.

“ಅದಕ್ಕೆ ಪ್ರೊಸೆಸರ್ ಬೇಕು.”

“ಹನ್ನೆರಡು ಕೋರಿನದು ತಂದುಬಿಡೋಣ. ಅಥವಾ ಹದಿನಾರು?”

“ಒಂದು ಒಗ್ಗರಣೆಗೆ ಹನ್ನೆರಡು ಜನ ಅಡುಗೆಭಟ್ಟರು ಯಾಕಪ್ಪಾ? ಈ ಆಟದ ಮುಖ್ಯ ಲೆಕ್ಕವೆಲ್ಲ ಒಂದೇ ಕೋರಿನ ತಲೆ ಮೇಲೆ ಬೀಳತ್ತೆ. ಉಳಿದವರು ಕೈಕಟ್ಟಿ ನಿಂತಿರ್ತಾರೆ. ನಿನಗೆ ಬೇಕಿರೋದು ಕೈ ಚುರುಕಿನ ಒಬ್ಬ ಭಟ್ಟ, ಅವನ ಕೈಗೆಟುಕೋ ಹಾಗೆ ಸಾಮಾನು.”

ಆ ಸಾಮಾನಿನ ಗೂಡಿಗೆ ಕ್ಯಾಶ್ ಎನ್ನುತ್ತಾರೆ. ರ್‍ಯಾಮ್ ಎಂದರೆ ಬೀದಿ ತುದಿಯ ದಿನಸಿ ಅಂಗಡಿ. ಕ್ಯಾಶ್ ಎಂದರೆ ಒಲೆ ಪಕ್ಕದ ಸಾಸಿವೆ ಡಬ್ಬಿ. ಎಣ್ಣೆ ಕಾದ ಮೇಲೆ ಅಂಗಡಿಗೆ ಓಡುವಂತಿಲ್ಲ. ನನ್ನ ಹಳೆಯ 2600ರಲ್ಲಿ ಆರು ಕೋರು ಮೂರು ಮೂರರಂತೆ ಹಿಸ್ಸೆಯಾಗಿ, ಎರಡು ಕೋಣೆಯಲ್ಲಿ ಎಂಟೆಂಟು ಎಂಬಿ ಇಟ್ಟುಕೊಂಡು, ಪಾಲಾದ ಅಣ್ಣತಮ್ಮಂದಿರ ಹಾಗೆ ಬದುಕುತ್ತಿದ್ದವು. 2022ರಲ್ಲಿ ಬಂದ 5600ರಲ್ಲಿ ಅದೇ ಆರು ಕೋರು. ಆದರೆ ಗೋಡೆ ಒಡೆದು 32 ಎಂಬಿಯ ಒಂದೇ ಉಗ್ರಾಣ. ಅದೇ ವರ್ಷದ 5800ಎಕ್ಸ್3ಡಿಯಲ್ಲಂತೂ ಉಗ್ರಾಣದ ಮೇಲೊಂದು ಅಟ್ಟವನ್ನೇ ಕಟ್ಟಿ 96 ಎಂಬಿ ಮಾಡಿದ್ದಾರೆ. ಅಟ್ಟಕ್ಕೆ ನನ್ನ ಮನಸ್ಸು ಹಾರಿತು, ಮಗಳು ಅದರ ಬೆಲೆ ತೋರಿಸಿದಳು, ಮನಸ್ಸು ಇಳಿದು ಬಂದು ಉಗ್ರಾಣದಲ್ಲಿ ಕೂತಿತು.

ಇನ್ನು ಜಾತಕ ಕೂಡಬೇಕಿತ್ತು. ಪ್ರೊಸೆಸರಿಗೂ ಮದರ್‌ಬೋರ್ಡಿಗೂ ಸಾಕೆಟ್ ಎಂಬ ಗೋತ್ರವಿದೆ. ನಮ್ಮಲ್ಲಿ ಮದುವೆಗೆ ಒಂದೇ ಗೋತ್ರ ಆಗಬಾರದು. ಇಲ್ಲಿ ಒಂದೇ ಗೋತ್ರ ಆಗಲೇಬೇಕು. ಪುಣ್ಯಕ್ಕೆ ಹಳೆಯದೂ ಎಎಂ4, ಹೊಸದೂ ಎಎಂ4.

ಶನಿವಾರ ಬೆಳಿಗ್ಗೆ ಎಸ್.ಪಿ. ರೋಡಿಗೆ ಹೊರಟೆ. ಆನ್‌ಲೈನಿನಲ್ಲಿ ತರಿಸಬಹುದಿತ್ತು. ಆದರೆ ಮಾವಿನಹಣ್ಣನ್ನೂ ಪ್ರೊಸೆಸರನ್ನೂ ಮೂಸಿ ನೋಡದೆ ಕೊಂಡವನಿಗೆ ಸಮಾಧಾನವಿಲ್ಲ. ಕಾಡುಗೋಡಿಯಲ್ಲಿ ನೇರಳೆ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು, ಸೀರೆ ಗಂಟುಗಳ ನಡುವೆ ನುಸುಳಿ ಸಾದರ ಪತ್ರಪ್ಪನವರ ರಸ್ತೆ ಸೇರಿದೆ. 2023ಕ್ಕೆ ಮುಂಚೆ ಈ ಯಾತ್ರೆಗೆ ಬುತ್ತಿ ಕಟ್ಟಿಕೊಳ್ಳಬೇಕಿತ್ತು.

ಅಂಗಡಿಯವನು ನನ್ನ ಮುಖ ನೋಡಲಿಲ್ಲ. “ಬಜೆಟ್ ಎಷ್ಟು ಸಾರ್?”

“ಬರೀ ಪ್ರೊಸೆಸರ್.”

“ಗೇಮಿಂಗಾ?”

“ಸ್ಟ್ರೀಮಿಂಗೂ ಇದೆ,” ಎಂದೆ ಎದೆಯುಬ್ಬಿಸಿ.

ಈಗ ಮುಖ ನೋಡಿದ. ತಲೆಯ ಮೇಲಿನ ನರೆಯನ್ನೂ ನೋಡಿದ. “ಎಎಂ4 ಓಲ್ಡ್ ಆಯ್ತು ಸಾರ್. ಎಎಂ5ಗೆ ಹೋಗಿ. ಬೋರ್ಡ್ ಚೇಂಜ್ ಆಗುತ್ತೆ ಅಷ್ಟೇ. ಬೋರ್ಡ್ ಚೇಂಜ್ ಆದ್ರೆ ಡಿಡಿಆರ್5 ರ್‍ಯಾಮು. ಎಸ್‌ಎಂಪಿಎಸ್ ಎಷ್ಟು ವ್ಯಾಟ್ ಇದೆ? ಅದೂ ತಗೊಂಡ್ಬಿಡಿ. ಹಳೇ ಕ್ಯಾಬಿನೆಟ್ಟಲ್ಲಿ ಗಾಳಿ ಆಡಲ್ಲ...”

ಕೌಪೀನ ಕಡಿಯುವ ಇಲಿಗೆಂದು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆಂದು ಹಸು ಕಟ್ಟಿ, ಹಸುವಿನ ಹುಲ್ಲಿಗೆಂದು ಹೊಲ ಮಾಡಿ, ಕೊನೆಗೆ ಎಲ್ಲ ನೋಡಿಕೊಳ್ಳಲು ಮದುವೆಯಾದ ಸನ್ಯಾಸಿಯ ಕತೆ ನೆನಪಾಯಿತು. ನಾನು ಇಲಿಯ ಹಂತದಲ್ಲೇ ಎಚ್ಚೆತ್ತೆ. ಹತ್ತು ಸಾವಿರ ಚಿಲ್ಲರೆ ಎಣಿಸಿ, 5600ರ ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು ಮೆಟ್ರೋದಲ್ಲಿ ಸೀಟು ಸಿಕ್ಕರೂ ನಿಂತೇ ಬಂದೆ.

ಮನೆಯಲ್ಲಿ ಮೊದಲ ಶಾಸ್ತ್ರ ಬಯಾಸ್ ಅಪ್‌ಡೇಟು. ಹಳೆ ಬೋರ್ಡಿಗೆ ಹೊಸ ಅಳಿಯನ ಗುರುತು ಹೇಳಿಕೊಡುವ ಕಾರ್ಯ. ಪೆನ್‌ಡ್ರೈವ್ ಚುಚ್ಚಿ ಎಂಟರ್ ಒತ್ತಿದರೆ ಒಂದು ಗೆರೆ ಇರುವೆಯ ಹಾಗೆ ಸರಿಯುತ್ತದೆ. ಆ ಹೊತ್ತಿನಲ್ಲಿ ಕರೆಂಟು ಹೋದರೆ ಬೋರ್ಡು ಕಲ್ಲು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ಇದೆ ನಿಜ. ಆದರೆ ಕರೆಂಟು ಹೋಗಿ ಅದು ಕೆಮ್ಮಿ ಏಳುವುದರ ನಡುವೆ ಹತ್ತು ಸೆಕೆಂಡು ಕತ್ತಲು. ಗೆರೆ ಶೇಕಡಾ 60ಕ್ಕೆ ಬಂದಾಗ ನಮ್ಮಮ್ಮ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರು. ನಾನು ಕೂಗಿದ ಕೂಗಿಗೆ ಎದುರು ಮನೆಯವರು ಬಾಗಿಲು ತೆರೆದು ನೋಡಿದರಂತೆ.

ಎರಡನೆಯದು ಹಳೆಯದನ್ನು ತೆಗೆಯುವುದು. ಮಗಳು ಹೇಳಿದ್ದಳು: ಸ್ವಲ್ಪ ಹೊತ್ತು ಆಟ ಆಡಿ ಬಿಸಿ ಮಾಡು, ಆಮೇಲೆ ಆಫ್ ಮಾಡಿ ಫ್ಯಾನನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ ಸಡಿಲಿಸು. ನಾನು ಇಂಜಿನಿಯರ್. ತಣ್ಣಗಿದ್ದುದನ್ನು ನೇರವಾಗಿ ಮೇಲಕ್ಕೆ ಎಳೆದೆ. ‘ಚಟ್’ ಎಂದಿತು. ಆರು ವರ್ಷ ಒಣಗಿ ಗಟ್ಟಿಯಾದ ಪೇಸ್ಟು ಬಿಡಲಿಲ್ಲ. ಪ್ರೊಸೆಸರ್ ಫ್ಯಾನಿಗೆ ಕಚ್ಚಿಕೊಂಡು, ಬೇರು ಸಮೇತ ಬಂದ ದವಡೆ ಹಲ್ಲಿನ ಹಾಗೆ ನೇತಾಡುತ್ತಿತ್ತು. ಎಎಂ4 ಪ್ರೊಸೆಸರಿನ ಹೊಟ್ಟೆಯಲ್ಲಿ 1331 ಚಿನ್ನದ ಬಣ್ಣದ ಕಾಲುಗಳಿವೆ. ಒಂದು ಮೂಲೆಯ ಸಾಲು ಗಾಳಿಗೆ ಮಲಗಿದ ರಾಗಿ ಪೈರಿನಂತಿತ್ತು.

ಅಮ್ಮ ಕನ್ನಡಕ ಹಾಕಿಕೊಂಡು ಬಂದರು. “ಏನೋ ಅದು, ಬಾಚಣಿಗೆ ಥರ?” ಎಂದು ಇಸಕೊಂಡು, ಕಿಟಕಿ ಬೆಳಕಿಗೆ ಹಿಡಿದು, ರವಿಕೆ ಹೊಲಿಯುವ ಸೂಜಿಯಿಂದ ಒಂದೊಂದೇ ಕಾಲನ್ನು ಎತ್ತಿ ನಿಲ್ಲಿಸಿದರು. ಅರವತ್ತು ವರ್ಷ ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಕಣ್ಣು, ಮಲ್ಲಿಗೆ ಕಟ್ಟಿದ ಬೆರಳು. ಮುಕ್ಕಾಲು ಗಂಟೆಯಲ್ಲಿ ರಾಗಿ ಹೊಲ ಸೆಟೆದು ನಿಂತಿತು. “ನೋಡು, ಒಂದೂ ಮುರಿದಿಲ್ಲ. ಇಟ್ಟಿರು, ಯಾರಿಗಾದ್ರೂ ಆಗುತ್ತೆ,” ಎಂದರು. ಹೊಸದು ಮಾತ್ರ ಎತ್ತಿಟ್ಟ ತಕ್ಷಣ ತನ್ನ ಭಾರಕ್ಕೆ ತಾನೇ ಸಾಕೆಟ್ಟಿನಲ್ಲಿ ಕೂತಿತು.

ರಾತ್ರಿ ಒಂಬತ್ತೂವರೆ. ಲೈವ್ ಹಾಕಿಕೊಂಡೇ ಪರೀಕ್ಷೆಗೆ ಕೂತೆ. ಸಾವಿರ ದಾಟಿ ಪಾಸಾದೆ. ಆಟ ಶುರುವಾಯಿತು. ಸಾವಿರ ಜನ ಸೈನ್ಯ ಎದುರು ಬದುರಾದರೂ ಒಂದು ಆನೆಯೂ ಹೆಜ್ಜೆ ತಪ್ಪಲಿಲ್ಲ. ಕುದುರೆ ಓಡಿತು, ಬಾಣ ಹಾರಿತು, ಕೋಟೆ ಬಿತ್ತು. ಯಾರೂ ಮಾತಾಡಲಿಲ್ಲ; ಪುರುಸೊತ್ತೇ ಇರಲಿಲ್ಲ. ನಲವತ್ತು ನಿಮಿಷಕ್ಕೆ ಆಟ ಮುಗಿಯಿತು. “ಚೆನ್ನಾಗಿತ್ತು ಕಣ್ರೋ, ಗುಡ್‌ನೈಟ್,” ಎಂದ ದುಬೈ. ಒಬ್ಬೊಬ್ಬರೂ ಎದ್ದು ಹೋದರು. ಗಡಿಯಾರ ನೋಡಿದರೆ ಹತ್ತೂ ಕಾಲು. ಮುಂದಿನ ಶನಿವಾರವೂ ಅಷ್ಟೆ. ಅದರ ಮುಂದಿನದೂ.

ಆಗ ಹೊಳೆಯಿತು. ನಾಲ್ಕು ವರ್ಷದಿಂದ ನಾವು ಮಾತಾಡಿದ್ದೆಲ್ಲ ನನ್ನ 2600 ಲೆಕ್ಕ ಮುಗಿಸುವುದನ್ನು ಕಾಯುತ್ತಿದ್ದಾಗ. ಲಂಡನ್ನಿನವನ ಅಪ್ಪ ಊರಿನಲ್ಲಿ ಒಬ್ಬರೇ ಇರುವ ಸಂಗತಿ, ಮೈಸೂರಿನವನು ಕೆಲಸ ಬಿಟ್ಟದ್ದು, ಹಾಸ್ಟೆಲಿನ ಉಪ್ಪಿಟ್ಟಿನಲ್ಲಿ ಸಿಕ್ಕ ಗುಂಡಿ ಯಾರ ಅಂಗಿಯದು ಎಂಬ ಇನ್ನೂ ಬಗೆಹರಿಯದ ವ್ಯಾಜ್ಯ, ಎಲ್ಲ ಕುದುರೆ ಕಾಲೆತ್ತಿ ಇಳಿಸುವ ನಡುವಿನ ಮಾತು. ಆ ಹದಿನಾಲ್ಕನೆಯ ಅಪರಿಚಿತ ವೀಕ್ಷಕನೂ ಒಂದು ದಿನ ಬರೆದ: ‘ಅಣ್ಣಾ, ಗುಂಡಿ ಕತೆ ಏನಾಯ್ತು?’

ನಾಲ್ಕನೇ ಶನಿವಾರ ಆಟದ ನಡುವೆ ಎಲ್ಲರ ಕುದುರೆಗಳೂ ಒಮ್ಮೆಲೇ ಕಾಲೆತ್ತಿ ನಿಂತವು.

“ಸಾರಿ ಕಣ್ರೋ, ಈ ಸಲ ನಂದು,” ಎಂದ ದಾವಣಗೆರೆ, ತಪ್ಪಿತಸ್ಥನ ದನಿಯಲ್ಲಿ. “ನನ್ನ ಡಬ್ಬ ಹೋಯ್ತು, ಅಣ್ಣನ ಮಗನ ಹಳೇ ಲ್ಯಾಪ್‌ಟಾಪಲ್ಲಿ ಆಡ್ತಿದೀನಿ. ಲೋ ವೈಟ್‌ಫೀಲ್ಡು, ನೀನು ತಗೊಂಡ್ಯಲ್ಲ, ಯಾವುದು ಅದು? ನಾನೂ ಒಂದು...”

“ಬೇಡ!” ಎಂದೆವು ನಾಲ್ಕೂ ಜನ ಒಂದೇ ಉಸಿರಿಗೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕುದುರೆ ಇನ್ನೂ ಕಾಲು ಇಳಿಸಿರಲಿಲ್ಲ.

“ಆ ಗುಂಡಿ,” ಎಂದು ಶುರು ಮಾಡಿದ ಲಂಡನ್, “ಖಂಡಿತ ನನ್ನ ಅಂಗೀದಲ್ಲ.”